ಅತ್ತೆಯ ಬಳೆ, ಅಳಿಯನ ಡಿಸ್ಕು

ನಮ್ಮತ್ತೆ ಪುಟ್ಟಮಾದಮ್ಮನವರು ಒಮ್ಮೆ ಆಡಿದ ಮಾತನ್ನು ವಾಪಸ್ ತೆಗೆದುಕೊಂಡ ಚರಿತ್ರೆಯೇ ಇಲ್ಲ. ನಂಜನಗೂಡಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದು ಬಳೆ ಅಂಗಡಿ. ಅಲ್ಲಿಂದ ನಾಲ್ಕು ಅಂಗಡಿ ದಾಟಿದರೆ ನನ್ನ ಗ್ಯಾರೇಜು. ಮೂರು ವಾರದ ಹಿಂದೆ ಅವರು ಟೀ ಅಂಗಡಿಯ ಮುಂದೆ ನಿಂತು ಇಡೀ ಬೀದಿಗೆ ಕೇಳುವ ಹಾಗೆ ಘೋಷಿಸಿಬಿಟ್ಟರು.

"ನನ್ ಮಗ್ಳು ಬಾಣಂತನಕ್ಕೆ ಈ ಡಬ್ಬದಲ್ಲಿ ಬರಕಿಲ್ಲ. ಸಿದ್ದರಾಜು ಕಾರಿಗೆ ಏಳಿದ್ದೀನಿ. ಮುಗೀತು."

ಡಬ್ಬ ಎಂದದ್ದು ನನ್ನ ಕಾರಿಗೆ. ಸಿದ್ದರಾಜು ಬಾಡಿಗೆ ಕಾರು ಓಡಿಸುವವನು. ಅವನ ಕಾರಿಗೆ ರಿಪೇರಿ ಮಾಡುವವನೂ ನಾನೇ. ಹತ್ತೊಂಬತ್ತು ವರ್ಷದಿಂದ ಸ್ಪ್ಯಾನರ್ ಹಿಡಿದಿರುವ ಈ ಮಾದೇಶನ ಹೆಂಡತಿ ಹೆರಿಗೆಗೆ ತವರಿಗೆ ಹೋಗುವುದು ಬಾಡಿಗೆ ಕಾರಿನಲ್ಲಿ ಎಂದಾದರೆ, ನಾಳೆ ಯಾವ ಮುಖ ಇಟ್ಟುಕೊಂಡು ಗ್ಯಾರೇಜಿನ ಷಟರ್ ಎತ್ತಲಿ? ನನಗೆ ಸಿಟ್ಟು ಬಂತು. ಆದರೆ ಎದುರು ಮಾತಾಡುವ ಹಾಗಿರಲಿಲ್ಲ, ಯಾಕೆಂದರೆ ತಪ್ಪು ನನ್ನದೇ.

ಅದರ ಹಿಂದಿನ ದಿನ ಅತ್ತೆಯನ್ನು ಅವರ ಊರು ಹೆಡತಲೆಗೆ ಬಿಡಲು ಹೊರಟಿದ್ದೆ. ದಾರಿಯಲ್ಲಿ ಒಂದು ಮೇಕೆ ಅಡ್ಡ ಬಂತು. ಬ್ರೇಕ್ ಒತ್ತಿದೆ, ಪೆಡಲ್ಲು ಕಾಲಡಿಯಲ್ಲಿ ಗಡಗಡ ನಡುಗಿತು, ಕಾರು ಎಡಕ್ಕೆ ಎಳೆಯಿತು, ಅತ್ತೆಯ ತೊಡೆಯ ಮೇಲಿದ್ದ ಡಬ್ಬಿ ಕೆಳಗೆ ಬಿತ್ತು. ಎರಡು ಡಜನ್ ಗಾಜಿನ ಬಳೆ ಹೆಚ್ಚಿದವು. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಅದೂ ಬಸುರಿ ಹೆಂಗಸಿರುವ ಮನೆಯವರು ಒಡೆಯಿತು ಅಂತ ಅಪ್ಪಿತಪ್ಪಿಯೂ ಅನ್ನಬಾರದು. ಮೇಕೆ ಆರಾಮಾಗಿ ಹೋಯಿತು. ಅತ್ತೆ ಮಾತ್ರ ಮನೆ ತಲುಪುವವರೆಗೂ ಬಾಗಿಲಿನ ಹಿಡಿಯನ್ನು ಬಿಡಲಿಲ್ಲ.

ಬ್ರೇಕಿನ ಡಿಸ್ಕುಗಳು ಸವೆದು ಅಂಕುಡೊಂಕಾಗಿವೆ ಎಂದು ನನಗೆ ತಿಂಗಳಿಂದ ಗೊತ್ತಿತ್ತು. ಊರಿನ ಗಾಡಿಗಳಿಗೆಲ್ಲ ಇವತ್ತು, ನನ್ನ ಗಾಡಿಗೆ ಮಾತ್ರ ನಾಳೆ. ಹಾಗೇ ನಡೆದುಕೊಂಡು ಬಂದಿತ್ತು.

ನನ್ನ ಹೆಂಡತಿ ಬಿಂದುಶ್ರೀ ಟಿ. ನರಸೀಪುರದಲ್ಲಿ ಟೀಚರ್. ನಮ್ಮ ಮನೆಯೂ ಅಲ್ಲೇ. ಅವಳಿಗೆ ಏಳು ತಿಂಗಳು ತುಂಬಿತ್ತು. ಭಾನುವಾರ ನಮ್ಮ ಮನೆಯಲ್ಲಿ ಬಳೆ ತೊಡಿಸುವ ಶಾಸ್ತ್ರ, ಊಟ. ಅದು ಮುಗಿದ ಮೇಲೆ ತಾಯಿ ಮಗಳನ್ನು ಹೆಡತಲೆಗೆ ಕರೆದುಕೊಂಡು ಹೋಗಬೇಕು. ಅಷ್ಟರೊಳಗೆ ಕಾರು ಸರಿಮಾಡಿ ಅತ್ತೆಯ ಮನಸ್ಸು ತಿರುಗಿಸಲೇಬೇಕು ಎಂದು ಹಠ ಹಿಡಿದೆ. ಮೈಸೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಮಾಡಿ, ಆರ್‌ಸಿ ಬುಕ್ಕಿನಲ್ಲಿದ್ದ ಮಾಡೆಲ್ಲು, ವರ್ಷ ಓದಿ ಹೇಳಿ ಎರಡು ಡಿಸ್ಕು, ಅವನ್ನು ಅದುಮಿ ಹಿಡಿಯುವ ಒಂದು ಸೆಟ್ ಪ್ಯಾಡು ತರಿಸಿದೆ. ಚಕ್ರ ಬಿಚ್ಚಿ ಅಳತೆ ನೋಡಲಿಲ್ಲ. ನನ್ನ ಕಾರು ನನಗೆ ಗೊತ್ತಿಲ್ಲವೆ?

ಶನಿವಾರ ಬೆಳಿಗ್ಗೆ ಕಾರನ್ನು ಜಾಕ್ ಮೇಲೆ ಎತ್ತುವ ಹೊತ್ತಿಗೆ ಸರಿಯಾಗಿ ಅತ್ತೆ ಬಂದರು. ಕಂಕುಳಲ್ಲಿ ನಾಳೆಯ ಶಾಸ್ತ್ರದ ಹಸಿರು ಬಳೆಗಳ ಡಬ್ಬಿ. ಗೋಡೆಯ ಮೇಲಿದ್ದ ಬುದ್ಧನ ಪಟಕ್ಕೂ ಬಾಬಾಸಾಹೇಬರ ಪಟಕ್ಕೂ ಕೈಮುಗಿದು, ಹಳೇ ಟೈರಿನ ಮೇಲೆ ಸೆರಗು ಹಾಸಿಕೊಂಡು ಕೂತರು.

"ಅಳಿಯಂದ್ರು ಅದೇನ್ ಕಿಸೀತೀರೋ ನೋಡ್ಕೊಂಡೋಗವಾ ಅಂತ ಬಂದೆ," ಎಂದರು. ಹೊಸ ಡಿಸ್ಕಿನ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ಕಾರ್ ಕಂಪ್ನಿ ಎಸ್ರೇ ಇಲ್ಲ. ಡೂಪ್ಲಿಕೇಟಾ?" ಎಂದರು.

"ಡೂಪ್ಲಿಕೇಟ್ ಅಲ್ಲ ಅತ್ತೆ. ಬೇರೆ ಕಂಪ್ನಿದು, ಒಳ್ಳೇ ಮಾಲು. ನಿಮ್ಮ ಬಳೆ ಎಲ್ಲಾ ಫಿರೋಜಾಬಾದಿಂದ ಬರ್ತವಲ್ಲ, ಡಬ್ಬಿ ಮೇಲೆ ಯಾರ ಹೆಸರಿದ್ರೇನು?"

"ಗಾಜು ಚೆನ್ನಾಗಿರ್ಬೇಕು, ಅಳ್ತೆ ಸರ್ಯಾಗಿರ್ಬೇಕು. ಎಸ್ರು ಕಟ್ಕೊಂಡು ಏನಾಗ್ಬೇಕು," ಎಂದು ಒಪ್ಪಿದರು. ಅತ್ತೆ ನನ್ನ ಒಂದು ಮಾತು ಒಪ್ಪಿದ್ದು ಅದೇ ಮೊದಲು.

ಚಕ್ರ ತೆಗೆದೆ. ಪ್ಯಾಡನ್ನು ಒತ್ತುವ ಕ್ಯಾಲಿಪರ್ ಬಿಚ್ಚಿ, ಬ್ರೇಕ್ ಪೈಪಿನ ಮೇಲೆ ಭಾರ ಬೀಳದ ಹಾಗೆ ತಂತಿ ಕಟ್ಟಿ ನೇತುಹಾಕಿದೆ. ಹಳೇ ಡಿಸ್ಕಿಗೆ ಸುತ್ತಿಗೆಯಿಂದ ನಾಲ್ಕು ಬಡಿದ ಮೇಲೆ ಕಳಚಿಕೊಂಡು ಬಂತು. ಒಳಗೆ ಚಕ್ರ ಕೂರುವ ಹಬ್ಬಿನ ಗುಂಡನೆಯ ಮೂತಿ ಕಾಣಿಸಿತು. ಡಿಸ್ಕಿನ ನಡುವಿನ ತೂತು ಕೂರುವುದು ಅದರ ಮೇಲೆಯೇ. ತುಕ್ಕು ಉಜ್ಜಿ ಒರೆಸುತ್ತಿದ್ದೆ. ಅತ್ತೆ ಎದ್ದು ಬಂದು ಕಣ್ಣು ಕಿರಿದು ಮಾಡಿ ನೋಡಿದರು.

"ಎರಡು-ಎರಡು," ಎಂದರು.

"ಏನು?"

"ಬಳೆ ಸೈಜು ಕಣಪ್ಪ." ಡಬ್ಬಿಯಿಂದ ಒಂದು ಹಸಿರು ಬಳೆ ತೆಗೆದು ಹಬ್ಬಿನ ಮೂತಿಗೆ ತೊಡಿಸಿಯೇಬಿಟ್ಟರು. ಅಲುಗಾಡದೆ, ಬಿಗಿಯಾಗದೆ ಕೂತಿತು. ನಾನು ಅಳತೆಯ ವರ್ನಿಯರ್ ಹಿಡಿದು ನೋಡಿದೆ, ಐವತ್ತನಾಲ್ಕು ಮಿಲಿಮೀಟರ್. ನನ್ನ ಉಪಕರಣ ಹೇಳಿದ್ದನ್ನು ಅವರ ಕಣ್ಣು ಮೊದಲೇ ಹೇಳಿತ್ತು.

"ನನ್ ಬಿಂದು ಕೈಯೂ ಇದೇ ಅಳ್ತೆ," ಎಂದು ಅತ್ತೆ ಬಳೆಯನ್ನು ಸೆರಗಿನಲ್ಲಿ ಒರೆಸಿ ಡಬ್ಬಿಗೆ ಹಾಕಿಕೊಂಡರು.

ನನಗೆ ಒಂದು ವಿಷಯ ನೆನಪಾಯಿತು. ಹೋದ ವಾರ ಬಿಂದುವಿನ ಬೆರಳು ಊದಿಕೊಂಡು ಮದುವೆ ಉಂಗುರ ಕಚ್ಚಿಕೊಂಡಿತ್ತು. ಸೋಪು ಹಚ್ಚಿ ತೆಗೆದವನು ನಾನೇ. ಡಾಕ್ಟರು ನೋಡಿ, ಬಿಪಿ ಸರಿಯಾಗಿದೆ, ಏಳನೇ ತಿಂಗಳಲ್ಲಿ ಇಷ್ಟು ಊತ ಸಹಜ ಅಂದಿದ್ದರು. "ಅತ್ತೆ, ಬಿಂದು ಕೈ ಈಗ..." ಎಂದು ಶುರು ಮಾಡಿದೆ.

"ನನ್ ಮಗ್ಳ ಕೈ ನಂಗೊತ್ತಿಲ್ವಾ? ನೀವ್ ನಿಮ್ ಕೆಲ್ಸ ನೋಡಿ."

ಕೆಲಸ ನೋಡಿದೆ. ಹೊಸ ಡಿಸ್ಕು ಹಬ್ಬಿನ ಮೇಲೆ ಠೀವಿಯಿಂದ ಕೂತಿತು. ಆದರೆ ಪ್ಯಾಡುಗಳನ್ನು ಇಟ್ಟು ನೋಡಿದರೆ ಅವು ಬ್ರಾಕೆಟ್ಟಿನಲ್ಲಿ ಲೊಡಲೊಡ ಅಲ್ಲಾಡಿದವು. ಪ್ಯಾಡಿನ ಮೇಲಿನ ಅಂಚು ಡಿಸ್ಕನ್ನು ದಾಟಿ, ಕಿರುಬೆರಳಿನ ಉಗುರಿನಷ್ಟು ಗಾಳಿಯಲ್ಲಿ ನಿಂತಿತ್ತು. ಹಳೇ ಡಿಸ್ಕು ಪಕ್ಕಕ್ಕಿಟ್ಟು ಅಳೆದೆ: ಹಳೆಯದು ಇನ್ನೂರೈವತ್ತೆರಡು ಮಿಲಿಮೀಟರ್ ಅಗಲ, ಹೊಸದು ಇನ್ನೂರಮೂವತ್ತಾರು. ನಡುವಿನ ತೂತು ಒಂದೇ, ಸುತ್ತು ಬೇರೆ. ಆಗ ಹೊಳೆಯಿತು. ಹಿಂದಿನ ಮಾಲೀಕ ಎಲ್ಲೋ ಗುದ್ದಿಸಿಕೊಂಡು, ಮುಂದಿನ ಭಾಗಕ್ಕೆ ಡೀಸೆಲ್ ಮಾಡೆಲ್ಲಿನ ದೊಡ್ಡ ಬ್ರೇಕ್ ಹಾಕಿಸಿದ್ದಾನೆ. ಅದು ಆರ್‌ಸಿ ಬುಕ್ಕಿಗೆ ಹೇಗೆ ಗೊತ್ತಾಗಬೇಕು? ನನ್ನ ಮುಖ ಇಂಗು ತಿಂದ ಮಂಗನ ಮುಖ ಆಯಿತು.

ಪಕ್ಕದ ಪಂಕ್ಚರ್ ಅಂಗಡಿಯ ಜಗನ್ ಬಂದು ಬಗ್ಗಿ ನೋಡಿದ. "ಆಕ್ಬುಡಣ್ಣ. ನಿಲ್ತದೆ. ನಾಳೆ ಒಂದಿನ ಓಡ್ಸು, ಸೋಮ್ವಾರ ಬದ್ಲಾಯ್ಸು. ಯಾರ್ಗೊತ್ತಾಯ್ತದೆ?"

ನಿಜ ಹೇಳುತ್ತೇನೆ, ಒಂದು ಕ್ಷಣ ಆಸೆಯಾಯಿತು. ಹೊಸ ಡಿಸ್ಕು ಬೆಳ್ಳಗೆ ಹೊಳೆಯುತ್ತಿತ್ತು. ಚಕ್ರ ಹಾಕಿದರೆ ಯಾರಿಗೂ ಕಾಣುವುದಿಲ್ಲ, ಅತ್ತೆಗಂತೂ ತಿಳಿಯುವುದೇ ಇಲ್ಲ. ಆಮೇಲೆ ಈ ಪೆಡಲ್ಲನ್ನು ಒತ್ತುವಾಗ ಪಕ್ಕದಲ್ಲಿ ಯಾರು ಕೂತಿರುತ್ತಾರೆ ಎಂದು ನೆನಪಾಯಿತು. ಡಿಸ್ಕನ್ನು ಕಳಚಿ ಕೆಳಗಿಟ್ಟೆ.

"ಇಲ್ಲ ಕಣ್ಲಾ," ಎಂದೆ. ಅತ್ತೆಯ ಕಡೆ ತಿರುಗಿ, ನುಂಗಲಾರದ್ದನ್ನು ನುಂಗಿ ಹೇಳಿದೆ, "ತಪ್ಪಾಗಿದೆ ಅತ್ತೆ. ಸೈಜು ಬೇರೆ. ವರ್ಷ ನೋಡಿ ತರಿಸಿಬಿಟ್ಟೆ."

ಬೈಯುತ್ತಾರೆ ಎಂದುಕೊಂಡೆ. ಅವರು ನಕ್ಕರು.

"ಅಲ್ಲಾ ಅಳಿಯಂದ್ರೆ, ಬಳೆ ಕೇಳ್ಕೊಂಡ್ ಬಂದ ಎಣ್ಮಗೀಗೆ ನಾನು ನಿಂಗೆಷ್ಟು ವಯ್ಸವ್ವ ಅಂತ ಕೇಳ್ತೀನಾ? ಕೈ ನೋಡಿ ಬಳೆ ಕೊಡ್ಬೇಕು, ಜಾತ್ಕ ನೋಡಿ ಅಲ್ಲ."

ಜಗನ್ ಕಿಸಕ್ಕನೆ ನಕ್ಕ. ಸಂಜೆಯೊಳಗೆ ಈ ಮಾತು ಬೀದಿಯ ತುಂಬ ಓಡಾಡುತ್ತದೆ ಎಂದು ಗೊತ್ತಾಯಿತು. ಮಾಡಿದ್ದುಣ್ಣೋ ಮಹಾರಾಯ.

ಈ ಸಲ ಎಲ್ಲವನ್ನೂ ಅಳೆದೆ. ಅಗಲ, ದಪ್ಪ, ಎತ್ತರ, ನಡುವಿನ ತೂತು, ನಟ್ಟುಗಳ ನಡುವಿನ ಅಂತರ. ಹಳೇ ಪ್ಯಾಡನ್ನು ಸ್ಕೇಲಿನ ಪಕ್ಕ ಇಟ್ಟು ಫೋಟೋ ಹೊಡೆದು ಮೈಸೂರಿಗೆ ಕಳಿಸಿದೆ. ಮಧ್ಯಾಹ್ನ ಮೂರಕ್ಕೆ ಬಸ್ಸಿನ ಕಂಡಕ್ಟರ್ ಪಾರ್ಸೆಲ್ ತಂದುಕೊಟ್ಟ. ಪೆಟ್ಟಿಗೆ ತೆರೆದವನೇ ಮೊದಲು ವರ್ನಿಯರ್ ಇಟ್ಟೆ. ಡಿಸ್ಕಿಗೆ ಸವರಿದ್ದ ಎಣ್ಣೆ ತೊಳೆದು ಕೂರಿಸಿದೆ. ಪ್ಯಾಡುಗಳು ಅಂಚಿಗೆ ಅಂಚು ಕೂಡಿ ನಿಂತವು. ಆಹಾ, ಆ ಸುಖವೇ ಬೇರೆ. ಪೆಡಲ್ ಗಟ್ಟಿಯಾಗುವ ತನಕ ಒತ್ತಿ, ಚಿಕ್ಕಯ್ಯನಛತ್ರದ ಕಡೆ ಖಾಲಿ ರಸ್ತೆಗೆ ಒಯ್ದು, ವೇಗವನ್ನು ಅರವತ್ತರಿಂದ ಇಪ್ಪತ್ತಕ್ಕೆ ಹತ್ತು ಸಲ ಮೆಲ್ಲಗೆ ಇಳಿಸಿ ಪ್ಯಾಡನ್ನು ಡಿಸ್ಕಿಗೆ ಒಗ್ಗಿಸಿದೆ. ನಡುಕ ಇಲ್ಲ, ಎಳೆತ ಇಲ್ಲ.

"ಅತ್ತೆ, ಒಂದು ರೌಂಡ್ ಬನ್ನಿ," ಎಂದೆ ವಾಪಸ್ ಬಂದು.

ಅವರು ಡಬ್ಬಿಯನ್ನು ಎದೆಗೆ ಅವಚಿಕೊಂಡರು. "ನಾಳೆ ಶಾಸ್ತ್ರ ಮುಗೀಲಿ. ಆಗ ಏಳ್ತೀನಿ."

ಮನೆಗೆ ಹೋದವನೇ ಬಿಂದುವಿನ ಕೈ ಹಿಡಿದೆ. ಅವಳು ನಾಚಿಕೊಂಡಳು, ಪಾಪ, ಬೇರೇನೋ ಅಂದುಕೊಂಡಿರಬೇಕು. ಹೆಬ್ಬೆರಳು ಒಳಕ್ಕೆ ಮಡಚಲು ಹೇಳಿ, ಗೆಣ್ಣುಗಳ ಸುತ್ತ ವೈರು ಸುತ್ತಿ, ಆ ಸುತ್ತನ್ನು ವರ್ನಿಯರಿನಲ್ಲಿ ಹಿಡಿದೆ. ಅರವತ್ತು ಮಿಲಿಮೀಟರ್.

"ರೀ, ನಾನೇನು ನಿಮ್ಮ ಬ್ರೇಕ್ ಡಿಸ್ಕಾ?" ಎಂದಳು. ವಿಷಯ ಹೇಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮನಿಗೆ ನಾನಂತೂ ಹೇಳಲ್ಲಪ್ಪ. ನೀವೇ ಹೇಳ್ಕೊಳಿ."

ನರಸೀಪುರದ ಬಳೆ ಅಂಗಡಿಗೆ ಹೋಗಿ ಆ ಅಳತೆಗೆ ಹೊಂದುವ ಎರಡು-ಆರರ ಹಸಿರು ಗಾಜಿನ ಬಳೆ ತಂದು ಬೀರುವಿನಲ್ಲಿಟ್ಟೆ. ನಾಳೆ ಅತ್ತೆಗೆ ಹೇಳಬೇಕಾದ ಮಾತನ್ನೂ ಸಿದ್ಧ ಮಾಡಿಕೊಂಡೆ. ಅವರದೇ ಮಾತು, ಅವರಿಗೇ ವಾಪಸ್. ಕೈ ನೋಡಿ ಬಳೆ ಕೊಡ್ಬೇಕು ಅತ್ತೆ, ಜಾತ್ಕ ನೋಡಿ ಅಲ್ಲ. ಸ್ನಾನ ಮಾಡುವಾಗ ಎರಡು ಸಲ ಅಭ್ಯಾಸವನ್ನೂ ಮಾಡಿದೆ.

ಭಾನುವಾರ ಹನ್ನೊಂದಕ್ಕೆ ಅತ್ತೆ ಸಿದ್ದರಾಜುವಿನ ಕಾರಿನಲ್ಲೇ ಬಂದಿಳಿದರು. ಮನೆಯ ಮುಂದೆ ನನ್ನ ಕಾರು, ಅದರ ಹಿಂದೆ ಅವನದು. ಬಂದ ನೆಂಟರೆಲ್ಲ ಎರಡನ್ನೂ ನೋಡಿ, ನನ್ನನ್ನೂ ನೋಡಿ ಒಳಗೆ ಹೋದರು.

ಬಿಂದುವನ್ನು ಹಸಿರು ಸೀರೆಯಲ್ಲಿ ಕೂರಿಸಿದ್ದರು. ಅತ್ತೆ ಎದುರಿಗೆ ಕೂತು, ಮಗಳ ಎಡಗೈ ತೆಗೆದುಕೊಂಡು ಮೊದಲ ಬಳೆ ಏರಿಸಿದರು. ಬಳೆ ಗೆಣ್ಣಿನ ಹತ್ತಿರ ನಿಂತುಬಿಟ್ಟಿತು. ಅಂಗೈ ಒತ್ತಿ, ಹೆಬ್ಬೆರಳು ಮಡಚಿ ಮತ್ತೆ ತಳ್ಳಿದರು. ಹೋಗಲಿಲ್ಲ. ಬಿಂದು ತುಟಿ ಕಚ್ಚಿಕೊಂಡಳು.

"ಸೋಪ್ ಆಕಮ್ಮ," ಎಂದರು ಪಕ್ಕದ ಮನೆಯ ಪುಟ್ಟಬಸಮ್ಮ. ಸೋಪಿನ ನೀರೂ ಬಂತು. ಇನ್ನೊಂದು ಚೂರು ಒತ್ತಿದರೆ ಗಾಜು ಹೆಚ್ಚುತ್ತದೆ, ಅದೂ ಈ ಹೊತ್ತಿನಲ್ಲಿ, ಈ ಕೈಯಲ್ಲಿ. ಹಾಡುತ್ತಿದ್ದ ಹೆಂಗಸರು ನಿಲ್ಲಿಸಿದರು. ಅತ್ತೆಯ ಹಣೆಯ ಮೇಲೆ ಬೆವರಿತ್ತು. ಮೂವತ್ತು ವರ್ಷ ಕಂಡವರ ಮಕ್ಕಳಿಗೆಲ್ಲ ಕೈ ನೋಡಿ ಬಳೆ ತೊಡಿಸಿದವರು, ಸ್ವಂತ ಮಗಳಿಗೆ ಮದುವೆಯ ದಿನದ ಅಳತೆಯನ್ನೇ ತಂದಿದ್ದರು.

ನಾನು ಬೀರುವಿನಿಂದ ಡಬ್ಬಿ ತಂದೆ. ಮಾತು ನಾಲಿಗೆಯ ತುದಿಯಲ್ಲಿತ್ತು. ಅತ್ತೆ ತಲೆಯೆತ್ತಿ ನೋಡಿದರು. ನಿನ್ನೆ ಜಗನ್ ನಕ್ಕಾಗ ನನ್ನ ಮುಖ ಹೇಗಿತ್ತೋ, ಇವತ್ತು ಅವರ ಮುಖ ಹಾಗೇ ಇತ್ತು. ನನಗೆ ಆ ಮಾತು ಬೇಡವಾಯಿತು.

"ಎರಡು-ಆರು ಅತ್ತೆ," ಎಂದಷ್ಟೇ ಹೇಳಿ ಕೊಟ್ಟೆ.

ಅತ್ತೆ ಒಂದು ಬಳೆ ತೆಗೆದು ಬೆಳಕಿಗೆ ಹಿಡಿದು ನೋಡಿದರು. "ಗಾಜು ಪರ್ವಾಗಿಲ್ಲ," ಎಂದರು. ಅದು ಗೆಣ್ಣು ದಾಟಿ ಘಲ್ಲೆಂದು ಮಣಿಕಟ್ಟಿಗೆ ಇಳಿಯಿತು. ಹೆಂಗಸರು ಮತ್ತೆ ಹಾಡು ಎತ್ತಿಕೊಂಡರು.

"ಯಾವಾಗ್ಲಾ ಮಾದೇಸ ಇವ್ಳ ಕೈ ಅಳೆದದ್ದು?" ಎಂದರು ಅತ್ತೆ, ಅಳಿಯಂದ್ರು ಅನ್ನುವುದನ್ನೂ ಮರೆತು.

"ನಿನ್ನೆ ಕಣಮ್ಮ," ಎಂದಳು ಬಿಂದು. "ಬ್ರೇಕ್ ಅಳೆಯೋ ಸಾಮಾನಲ್ಲಿ!"

ಮನೆಯೇ ನಕ್ಕಿತು. ಅತ್ತೆ ಎಲ್ಲರಿಗಿಂತ ಜಾಸ್ತಿ ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದರು.

"ಸಿದ್ದರಾಜಪ್ಪ, ಉಂಡ್ಬುಟ್ಟು ಓಗು ಕಣಪ್ಪ. ನನ್ ಮಗ್ಳು ಅವಳ ಗಂಡನ್ ಕಾರಲ್ಲಿ ಬತ್ತಾಳೆ."

ಸಂಜೆ ನಾಲ್ಕಕ್ಕೆ ಹೊರಟೆವು. ಅಮ್ಮ ಮಗಳು ಹಿಂದಿನ ಸೀಟಿನಲ್ಲಿ, ಎರಡು-ಎರಡರ ಡಬ್ಬಿ ಅತ್ತೆಯ ತೊಡೆಯ ಮೇಲೆ. ನರಸೀಪುರ ದಾಟುವವರೆಗೂ ಇಬ್ಬರೂ ನನ್ನನ್ನು ಆಡಿಕೊಂಡರು. ಹೆಡತಲೆ ಇನ್ನು ಸ್ವಲ್ಪ ದೂರ ಇರುವಾಗ ತಿರುವಿನಲ್ಲಿ ಎಮ್ಮೆಗಳ ಒಂದು ಹಿಂಡೇ ರಸ್ತೆಗೆ ಇಳಿಯಿತು. ಬ್ರೇಕ್ ಒತ್ತಿದೆ. ಕಾರು ಒಂದಿಂಚೂ ಎಡಕ್ಕೆ ವಾಲದೆ, ನಡುಗದೆ, ಮೊದಲ ಎಮ್ಮೆಗೆ ಎರಡು ಮಾರು ದೂರದಲ್ಲಿ ನಿಂತಿತು. ಬಿಂದುವಿನ ಕೈಬಳೆಗಳು ಒಮ್ಮೆ ಘಲ್ಲೆಂದವು, ಅಷ್ಟೇ.

ಶಭಾಷ್ ಅನ್ನಿಸಿಕೊಳ್ಳಲು ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿದೆ. ಬಿಂದು ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದಳು. ಅತ್ತೆ ಬಾಗಿಲಿನ ಹಿಡಿ ಬಿಟ್ಟು, ಮಗಳ ಭುಜಕ್ಕೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು.