ಹೋರೇಸ್ ಪೆಟ್ವೇ ಹಾಕದೆ ಬಿಟ್ಟ ಓಟು

ಎದುರಾದವರು "ಹೇಗಿದ್ದೀರಿ?" ಎಂದು ಕೇಳಿದರೆ ಹೋರೇಸ್ ಪೆಟ್ವೇ ಅವರು ಒಂದು ಬೆಲೆ ಹೇಳುತ್ತಾರೆ. "ಡಜನ್ ಮೊಟ್ಟೆಗೆ ನಾಲ್ಕು ಡಾಲರ್ ಎಂಬತ್ತು. ಲೆಕ್ಕ ಹಾಕಿ ನೋಡು" ಎಂದು ಟೋಪಿಯನ್ನು ಒಂದು ಬೆರಳಿನಿಂದ ಮೇಲಕ್ಕೆ ತಳ್ಳಿ ಮುಂದೆ ನಡೆಯುತ್ತಾರೆ. ಚಳಿಗಾಲವಾದರೆ ಮನೆ ಬೆಚ್ಚಗಿಡುವ ಗ್ಯಾಸಿನ ಬಿಲ್ಲು, ಬೇಸಿಗೆಯಾದರೆ ಪೆಟ್ರೋಲು, ವರ್ಷವಿಡೀ ಕಾಫಿಪುಡಿ. ಆಕ್ರನ್ ಊರಿನ ನಮ್ಮ ಬೀದಿಗೆ ಹೊಸದಾಗಿ ಬಂದವರು ಇದನ್ನು ಮುದುಕನ ಅರಳುಮರಳೆಂದು ತಿಳಿಯುವುದುಂಟು. ಇಪ್ಪತ್ತೆಂಟು ವರ್ಷಗಳಿಂದ ಪಕ್ಕದ ಮನೆಯಲ್ಲಿರುವ ನನ್ನ ಪ್ರಕಾರ ಅದು ಅತ್ಯಂತ ಯಥಾರ್ಥವಾದ ಕುಶಲೋತ್ತರ. ವೈದ್ಯರು ನಾಡಿಯಲ್ಲಿ ಕಾಣುವುದನ್ನು ಈ ಮನುಷ್ಯ ಅಂಗಡಿಯ ಬಿಲ್ಲಿನಲ್ಲಿ ಕಾಣುತ್ತಾರೆ. ನಾನು ಔಷಧದಂಗಡಿಯಲ್ಲಿ ಮಾತ್ರೆ ಎಣಿಸಿಕೊಟ್ಟು ಬದುಕಿದವನು. ನನ್ನನ್ನು ಮೊದಲ ದಿನದಿಂದಲೂ "ಡಾಕ್ಟರ್" ಎಂದೇ ಕರೆದು, ನಾನು ತಿದ್ದಿದಾಗಲೆಲ್ಲ "ಬಿಲ್ ನೋಡಿದ್ರೆ ಹಾಗೇ ಅನ್ಸತ್ತೆ" ಎಂದು ಬಾಯಿ ಮುಚ್ಚಿಸಿದ್ದಾರೆ.

ಅವರದು ಎಡಭುಜ ಇಳಿದ, ಯಾವುದೋ ಅದೃಶ್ಯವಾದ ಮೂಟೆಯನ್ನು ಇನ್ನೂ ಹೊತ್ತಿರುವಂಥ ನಡಿಗೆ. ಮೂಟೆ ನಿಜವಾಗಿಯೂ ಇತ್ತು. ಇಪ್ಪತ್ತರ ವಯಸ್ಸಿನಲ್ಲಿ ಅಲಬಾಮಾದಿಂದ ಬಂದು ಇಲ್ಲಿನ ಟೈರ್ ಕಾರ್ಖಾನೆ ಸೇರಿದಾಗ, ಆ ಕಾಲದಲ್ಲಿ ಕಪ್ಪುಜನರಿಗೆಂದೇ ಮೀಸಲಾಗಿದ್ದ ಕೋಣೆಗೆ, ರಬ್ಬರಿಗೆ ಕರಿಮಸಿ ಬೆರೆಸುವ ಕೋಣೆಗೆ, ಅವರನ್ನು ಹಾಕಿದರು. ಹದಿನಾಲ್ಕು ವರ್ಷ ಆ ಮಸಿಯ ಮೂಟೆಗಳನ್ನು ಒಂದೇ ಭುಜದ ಮೇಲೆ ಹೊತ್ತರು. ಟೈರ್ ಕಟ್ಟುವ ಕೆಲಸ, ಎಂದರೆ ಕಿಟಕಿಯ ಬೆಳಕಿರುವ ಮತ್ತು ಕೈತುಂಬ ಸಂಬಳವಿರುವ ಕೆಲಸ, ವೆಸ್ಟ್ ವರ್ಜೀನಿಯಾದ ಬೆಟ್ಟಗಳಿಂದ ಇಳಿದುಬಂದ ಬಿಳಿಯ ಹುಡುಗರದು. ಅಂಥವರಲ್ಲೊಬ್ಬರು ಡೆಲ್ಮರ್ ಕೋಗರ್, ನಮ್ಮ ಬೀದಿಯ ಎದುರು ಸಾಲಿನ ಹಸಿರು ಮನೆಯವರು.

ಹೋರೇಸ್ ಈ ಬೀದಿಯಲ್ಲಿ ಮನೆ ಕೊಂಡ ವರ್ಷ ಎರಡು ಬಿಳಿಯ ಕುಟುಂಬಗಳು ಮನೆ ಮಾರಿ ಹೋದವಂತೆ. ಕೋಗರ್ ಹೋಗಲಿಲ್ಲ. ಈ ಸಂಗತಿಯನ್ನು ಹೋರೇಸ್ ಅಲಂಕಾರವಿಲ್ಲದೆ ಹೇಳುತ್ತಾರೆ: "ಒಳ್ಳೇವನು ಅಂತ ಉಳಿದಿದ್ದಲ್ಲ. ಮಾರಿದ್ರೆ ಮೂರು ಸಾವಿರ ಲುಕ್ಸಾನಾಗ್ತಿತ್ತು, ಅದಕ್ಕೆ ಉಳಿದ. ಉಳಿದ ಮೇಲೆ ಒಳ್ಳೇವನಾದ." ಗೆಳೆತನದ ಹುಟ್ಟಿನ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ನಾನು ಕೇಳಿಲ್ಲ. ಒಬ್ಬರ ಏಣಿ ಇನ್ನೊಬ್ಬರ ಗೋಡೆಗೆ, ಒಬ್ಬರ ಟೊಮ್ಯಾಟೊ ಇನ್ನೊಬ್ಬರ ಮೆಟ್ಟಿಲಿಗೆ, ಒಬ್ಬರ ಬೈಗುಳ ಇನ್ನೊಬ್ಬರ ಪಕ್ಷಕ್ಕೆ, ಹೀಗೆ ಬೆಳೆಯಿತು ಅದು.

ಕಾರ್ಖಾನೆ ಮುಚ್ಚಿದ ವರ್ಷ, ೧೯೮೦ರ ನವೆಂಬರಿನಲ್ಲಿ, ಇಬ್ಬರೂ ಕೆಲಸವಿಲ್ಲದೆ ಕೂತಿದ್ದಾಗ ಮತದಾನದ ದಿನ ಬಂತು. ಪೆಟ್ರೋಲು ಆಗ ಚಿನ್ನದ ಹಾಗೆ. ಮುಂದೆ ನಡೆದದ್ದನ್ನು ಇಬ್ಬರ ಬಾಯಲ್ಲೂ ಕೇಳಿರುವುದರಿಂದ ಮಾತುಗಳು ನನಗೆ ಕಂಠಪಾಠ.

"ಹೋರೇಸ್, ನೀನು ಹೋಗಿ ನಿಮ್ಮವರಿಗೆ ಒಂದು ಹಾಕ್ತೀಯ, ನಾನು ಹೋಗಿ ನಮ್ಮವರಿಗೆ ಒಂದು ಹಾಕ್ತೀನಿ. ಕೂಡಿ ಕಳೆದ್ರೆ ಸೊನ್ನೆ. ಸೊನ್ನೆಗೋಸ್ಕರ ಎರಡು ಕಾರು ಯಾಕೋ ಓಡಿಸ್ಬೇಕು?"

"ಹಾಗಾದ್ರೆ ಇಬ್ರೂ ಮನೇಲಿರೋಣ."

"ನಿನ್ನನ್ನ ನಂಬೋದು ಹೇಗೆ ಮಾರಾಯ? ನಾನು ಬಚ್ಚಲಿಗೆ ಹೋದ್ರೆ ಸಾಕು, ಓಡಿಹೋಗಿ ಹಾಕಿಬರ್ತೀಯ."

"ಸರಿ, ಒಂದೇ ಕಾರಲ್ಲಿ ಹೋಗೋಣ. ಹೋದ್ರೆ ಇಬ್ರೂ. ಒಬ್ಬನಿಗೆ ಆಗ್ಲಿಲ್ಲ ಅಂದ್ರೆ ಇನ್ನೊಬ್ಬನೂ ಹೋಗೋ ಹಾಗಿಲ್ಲ."

ಕೈ ಕುಲುಕಿದರು. ನಗೆಯಾಟವಾಗಿ ಹುಟ್ಟಿದ ಈ ಒಪ್ಪಂದ ನಲವತ್ತನಾಲ್ಕು ವರ್ಷ ನಡೆಯಿತು. ಅಧ್ಯಕ್ಷರ ಚುನಾವಣೆ ಇರಲಿ, ಶಾಲೆಯ ತೆರಿಗೆಯ ಮೇಲಿನ ಮತದಾನವಿರಲಿ, ಪಾಳಿಯ ಪ್ರಕಾರ ಒಬ್ಬರ ಕಾರು, ಇನ್ನೊಬ್ಬರ ಕಾಫಿ. ಒಮ್ಮೆ ಕೋಗರ್ ಸೊಂಟ ಹಿಡಿದು ಮಲಗಿದ್ದಾಗ ಹೋರೇಸ್ ಮನೆಯಲ್ಲೇ ಉಳಿದರು, ಮತ್ತೊಮ್ಮೆ ಹೋರೇಸರ ಅಕ್ಕ ತೀರಿಕೊಂಡು ಅವರು ಅಲಬಾಮಾಕ್ಕೆ ಹೋಗಿದ್ದಾಗ ಕೋಗರ್ ಉಳಿದರು. ನಾನು ಪೌರತ್ವ ಪಡೆದ ಮೇಲೆ ನನಗೂ ಹಿಂದಿನ ಸೀಟು ಸಿಕ್ಕಿತು. ಅಲ್ಲಿ ಕೂತು ಈ ದೇಶದ ರಾಜಕೀಯವನ್ನು ನಾನು ಕಲಿತಷ್ಟು ಯಾವ ಪತ್ರಿಕೆಯಿಂದಲೂ ಕಲಿತಿಲ್ಲ. "ನಿನ್ನನ್ನೂ ನನ್ನನ್ನೂ ಒಂದೇ ಗೇಟಿಂದ ಹೊರಗೆ ಹಾಕಿದ್ರು. ಹಾಗಿದ್ಮೇಲೆ ನೀವು ಯಾವಾಗ್ಲೂ ಬಣ್ಣದ ಮಾತೇ ಯಾಕೆ ಎತ್ತುತ್ತೀರಿ?" ಎಂದು ಕೋಗರ್ ಕೇಳಿದಾಗ ಹೋರೇಸ್ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ್ದರು: "ಹೊರಗೆ ಹಾಕಿದ್ದು ಒಂದೇ ಗೇಟಲ್ಲಿ, ನಿಜ. ಒಳಗೆ ಬಿಟ್ಟಿದ್ದು ಬೇರೆ ಬೇರೆ ಗೇಟಲ್ಲಿ ಕಣೋ." ಕೋಗರ್ ಕಾಫಿಯ ಲೋಟವನ್ನು ಅವರ ಕೈಗೆ ಕೊಟ್ಟಿದ್ದರು.

ಮತದಾನದ ದಿನ ಮಾತ್ರ ಹೋರೇಸ್ ಒಂದು ಕಂದು ಉಣ್ಣೆಯ ಕೋಟು ಹಾಕುತ್ತಾರೆ. ಅದು ಅವರ ತಂದೆಯದು, ತೋಳು ಒಂದಂಗುಲ ಗಿಡ್ಡ, ಒಂದು ಗುಂಡಿ ಬೇರೆ ಬಣ್ಣದ್ದು. ಕಪ್ಪುಜನರನ್ನು ಮತದಾನದಿಂದ ದೂರವಿಡುತ್ತಿದ್ದ ಆ ಕಾಲದಲ್ಲಿ, ಅದನ್ನು ತೊಟ್ಟು ಆ ತಂದೆ ಅಲಬಾಮಾದ ಕಚೇರಿಯೊಂದಕ್ಕೆ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಲು ಮೂರು ವರ್ಷ ಮೂರು ಸಲ ಹೋಗಿ, ಮೂರು ಸಲವೂ ಯಾವುದಾದರೊಂದು ನೆಪ ಹೇಳಿಸಿಕೊಂಡು ಹಿಂದಿರುಗಿದರು. ನಾಲ್ಕನೆಯ ಸಲ, ಐವತ್ತೊಂದರ ವಯಸ್ಸಿನಲ್ಲಿ, ಹೆಸರು ಸೇರಿತು. ಕಚೇರಿಯ ಮೆಟ್ಟಿಲಿಳಿದು ಬಂದವರು ಮಗನ ಹೆಗಲ ಮೇಲೆ ಕೈಯಿಟ್ಟರಂತೆ. ಇಷ್ಟನ್ನು ಹೇಳುವಾಗ ಹೋರೇಸ್ ಯಾವ ಬೆಲೆಯನ್ನೂ ಸೇರಿಸುವುದಿಲ್ಲ.

ಕಡೆಕಡೆಗೆ ಬೀದಿಯ ಹವೆ ಕೆಟ್ಟಿತು. ಕೋಗರರ ಅಂಗಳದಲ್ಲಿ ದೊಡ್ಡದೊಂದು ಚುನಾವಣಾ ಫಲಕ ಎದ್ದು, ಅವರ ಟಿ.ವಿ. ಬೆಳಗಿನಿಂದ ಸಂಜೆಯವರೆಗೆ ಸಿಟ್ಟಿನ ದನಿಯಲ್ಲಿ ಮಾತಾಡತೊಡಗಿತು. ದಿನಸಿಯ ಬೆಲೆ ಏರಿದ್ದಕ್ಕೆ, ಊರು ಬರಿದಾದದ್ದಕ್ಕೆ, ತಮ್ಮ ಪಿಂಚಣಿ ಅರ್ಧವಾದದ್ದಕ್ಕೆ ಅವರು ಹೆಸರಿಸುತ್ತಿದ್ದ ಜನರ ಪಟ್ಟಿಯಲ್ಲಿ ನನ್ನಂಥವರೂ ಇದ್ದರು, ಹೋರೇಸರಂಥವರೂ ಇದ್ದರು. "ನಿಮ್ಮನ್ನಲ್ಲ ಬಿಡಿ" ಎಂದು ಪ್ರತಿ ಸಲವೂ ಸೇರಿಸುತ್ತಿದ್ದರು. ಹೋರೇಸರ ಹೆಂಡತಿ ವರ್ಡೆಲ್, ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಎದುರು ಮನೆಗೆ ಜೋಳದ ಬ್ರೆಡ್ಡು ಕಳಿಸುವುದನ್ನು ನಿಲ್ಲಿಸಿದರು. ಹೋರೇಸ್ ಮಾತ್ರ ಸಂಜೆ ರಸ್ತೆ ದಾಟಿ ಹೋಗಿ, ಆ ಫಲಕದ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

೨೦೨೪ರ ಅಕ್ಟೋಬರ್ ಕೊನೆಗೆ ಕೋಗರ್ ಉಸಿರು ಸಿಕ್ಕದೆ ಆಸ್ಪತ್ರೆ ಸೇರಿದರು. ಮತದಾನಕ್ಕೆ ಎರಡು ದಿನ ಮುಂಚೆ, ಭಾನುವಾರ, ಹೋರೇಸರನ್ನು ನಾನೇ ಕರೆದುಕೊಂಡು ಹೋದೆ. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಮಲಗಿದ್ದ ಕೋಗರ್ ಕಣ್ಣು ತೆರೆದು, "ಈ ಸಲ ನಾನು ಬರೋ ಹಾಗಿಲ್ಲ ಕಣೋ" ಎಂದರು.

"ಹಾಗಾದ್ರೆ ನಾನೂ ಹೋಗಲ್ಲ. ಪೆಟ್ರೋಲ್ ಉಳೀತು."

ಕೋಗರ್ ಹೋರೇಸರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಮಂಗಳವಾರ ಬೆಳಿಗ್ಗೆ ವರ್ಡೆಲ್ ಸಿದ್ಧರಾಗಿ ಬಂದಾಗ ಹೋರೇಸ್ ವರಾಂಡದ ಕುರ್ಚಿಯಲ್ಲಿದ್ದರು, ಕೋಟು ಗೂಟದಲ್ಲಿತ್ತು. ನಾನು ಕಾರು ಹೊರಗೆ ತೆಗೆದು ಕಾಯುತ್ತಿದ್ದೆ. ಆಕೆ ದನಿಯೇರಿಸಲಿಲ್ಲ.

"ಪೆಟ್ವೇ, ನಿಮ್ಮಪ್ಪನ್ನ ಮೂರು ಸಲ ಬಾಗಿಲಿಂದ ವಾಪಸ್ ಕಳಿಸಿದ್ರು. ನಿನ್ನನ್ನ ಇವತ್ತು ಕಳಿಸಿದವರು ಯಾರು?"

"ಮಾತು ಕೊಟ್ಟಿದ್ದೀನಿ ವರ್ಡೆಲ್."

"ಅವರಿಗೆ ಮಾತು ಕೊಟ್ಟು ಉದ್ಧಾರ ಆದ ನಮ್ಮವರು ಯಾರಾದ್ರೂ ಇದ್ರೆ, ಒಬ್ಬರ ಹೆಸರು ಹೇಳು."

ನಾವು ಹೋಗಿ, ಸಾಲಿನಲ್ಲಿ ನಿಂತು, ಮತ ಹಾಕಿ ಬಂದಾಗಲೂ ಹೋರೇಸ್ ಅಲ್ಲೇ ಕೂತಿದ್ದರು. ಮತಗಟ್ಟೆಯಾದ ಚರ್ಚಿಗೆ ನಮ್ಮ ಬೀದಿಯಿಂದ ಕಾರಿನಲ್ಲಿ ಆರು ನಿಮಿಷ; ಬಾಗಿಲು ಮುಚ್ಚುವುದು ಸಂಜೆ ಏಳೂವರೆಗೆ. ಏಳರ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಹೋಗಿ ಪಕ್ಕದಲ್ಲಿ ಕೂತು, ಕೋಗರ್ ಮಾತ್ರೆಯ ಮಂಪರಿನಲ್ಲಿರುತ್ತಾರೆ, ಅವರಿಗೆ ತಿಳಿಯುವ ಸಂಭವವೇ ಇಲ್ಲ ಎಂದೆ. ಹೋರೇಸ್ ನನ್ನ ಕಡೆ ತಿರುಗಿ, ಬೇಸರವಿಲ್ಲದ ದನಿಯಲ್ಲೇ ಕೇಳಿದರು: "ಮಲಗಿರೋನ ಜೇಬಿಗೆ ಕೈ ಹಾಕು ಅಂತೀಯಾ, ಡಾಕ್ಟರ್?" ಆಮೇಲೆ ಅರ್ಧ ಗಂಟೆ ನಾವಿಬ್ಬರೂ ಬೀದಿಯನ್ನು ನೋಡುತ್ತಿದ್ದೆವು. ಏಳೂವರೆ ದಾಟಿದ ಮೇಲೆ ಅವರು ಮಂಡಿಯ ಮೇಲೆ ಕೈಯೂರಿ ಎದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಕಣ್ಣು ಒದ್ದೆಯಾಗಿದ್ದುದನ್ನು ನಾನು ನೋಡಿದೆ, ನೋಡಬಾರದಿತ್ತು ಅನ್ನಿಸಿತು.

ಅದಾದ ಒಂಬತ್ತನೆಯ ದಿನ ಕೋಗರ್ ತೀರಿಕೊಂಡರು. ಶವಪೆಟ್ಟಿಗೆ ಹೊತ್ತ ಆರು ಜನರಲ್ಲಿ ಕಪ್ಪುಜನರೆಂದರೆ ಹೋರೇಸ್ ಒಬ್ಬರೇ. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರೂ ಅವರೇ. ಬೇಡವೆಂದರೂ ಕೇಳದೆ ಎಡಭುಜ ಕೊಟ್ಟರು. ಆಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಊಟ. ಬೇಯಿಸಿದ ಹುರುಳಿಕಾಯಿ ಬೀಜ, ಹಂದಿಮಾಂಸ, ಆಲೂಗಡ್ಡೆಯ ಸಲಾಡು. ಕೋಗರರ ಮಗಳು ರೋಂಡಾ, ಹೋರೇಸರ ತೊಡೆಯ ಮೇಲೆ ಆಡಿ ಬೆಳೆದವಳು, ಬಂದು ಅವರ ಪಕ್ಕದಲ್ಲಿ ಕೂತು ತೋಳು ಹಿಡಿದುಕೊಂಡಳು. ಆ ಒಪ್ಪಂದದ ಸುದ್ದಿ ಅವಳಿಗೆ ತಿಳಿದಿರಲಿಲ್ಲ. ಇಬ್ಬರೂ ಜೊತೆಯಾಗಿ ಹೋಗುತ್ತಾರೆಂಬುದಷ್ಟೇ ಗೊತ್ತು.

"ಒಂದು ಸಮಾಧಾನ ಅಂಕಲ್. ಅಪ್ಪಂದು ಈ ಸಲದ ಓಟು ತಪ್ಪಲಿಲ್ಲ. ಅಂಚೆಯಲ್ಲಿ ಓಟಿನ ಕಾಗದ ತರಿಸ್ಕೊಂಡಿದ್ರು. ಆಸ್ಪತ್ರೆ ಸೇರೋಕೆ ಹತ್ತು ದಿನ ಮುಂಚೆ ಅಡುಗೆಮನೇಲಿ ಕೂತು ತಾವೇ ತುಂಬಿದ್ರು, ನಾನೇ ಪೋಸ್ಟ್ ಮಾಡ್ದೆ. ಆಸ್ಪತ್ರೇಲೂ ಎರಡು ಸಲ ಕೇಳಿದ್ರು, 'ಹೋಗಿ ಸೇರಿತಾ, ನೋಡಿದ್ಯಾ?' ಅಂತ."

ನಾನು ನನ್ನ ತಟ್ಟೆ ನೋಡಿಕೊಂಡು ಕೂತೆ. ಹೋರೇಸ್ ಚಮಚ ಕೆಳಗಿಟ್ಟರು. ಮತ್ತೆ ತೆಗೆದುಕೊಂಡರು.

"ಒಳ್ಳೇ ಕೆಲಸ ಮಾಡ್ದೆ ಮಗಳೇ" ಎಂದರು. "ಅಷ್ಟು ಕಷ್ಟಪಟ್ಟು ತುಂಬಿದ್ದು, ದಾರೀಲಿ ಕಳೆದುಹೋಗಬಾರದಿತ್ತು." ಅವಳು ಅವರ ಕೆನ್ನೆಗೆ ಮುತ್ತಿಟ್ಟು ಎದ್ದುಹೋದಳು. ಹೋರೇಸ್ ತಟ್ಟೆಯಲ್ಲಿದ್ದ ಬೀಜವನ್ನೆಲ್ಲ, ಕೊನೆಯದೊಂದನ್ನೂ ಬಿಡದೆ, ನಿಧಾನವಾಗಿ ತಿಂದರು.

ಹಿಂದಿರುಗುವಾಗ ಕಾರು ನಡೆಸುತ್ತಿದ್ದವನು ನಾನು, ವರ್ಡೆಲ್ ಬಂದಿರಲಿಲ್ಲ. ಮೊದಲನೆಯ ಸಿಗ್ನಲ್ಲಿನಲ್ಲಿ ನಿಂತಾಗ ಅವರು ಕೇಳಿದರು: "ಆ ಉಸಿರಿನ ಮಾತ್ರೆಗಳು ತಲೆಗೇನಾದ್ರೂ ಮಾಡ್ತವಾ ಡಾಕ್ಟರ್? ಮರೆವು ಗಿರೆವು ಬರ್ತದಾ?"

ಕೋಗರರ ಔಷಧಗಳನ್ನು ಹನ್ನೊಂದು ವರ್ಷ ಕೊಟ್ಟವನು ನಾನೇ. ಅವುಗಳಲ್ಲಿ ಯಾವುದೂ ಮರೆವು ತರುವುದಿಲ್ಲ.

"ಬರ್ತದೆ" ಎಂದೆ. "ಎಷ್ಟೋ ಜನಕ್ಕೆ ಬರ್ತದೆ."

ಅವರು ತಲೆಯಾಡಿಸಿದರು. ಕಾರು ಎರಡು ಬೀದಿ ದಾಟಿತು. "ಭಾನುವಾರ ನನ್ನ ಕೈ ಎಷ್ಟು ಗಟ್ಟಿ ಹಿಡ್ಕೊಂಡಿದ್ದ, ನೀನೂ ನೋಡಿದ್ಯಲ್ಲ" ಎಂದರು. ನೋಡಿದ್ದೆ. ಆ ಹಿಡಿತ ಕ್ಷಮೆ ಕೇಳುತ್ತಿತ್ತೋ, ಬಾಯಿಬಿಡಲು ಧೈರ್ಯ ಸಾಲದೆ ಹಾಗೆ ಹಿಡಿದಿತ್ತೋ, ಅಥವಾ ಸಾಯುವವನಿಗೆ ಯಾವುದಾದರೂ ಕೈ ಬೇಕಿತ್ತೋ, ಅದನ್ನು ಈಗ ಹೇಳಬಲ್ಲವರಿಲ್ಲ. ಮನೆಯ ಮುಂದೆ ಇಳಿಯುವ ಮೊದಲು ಅವರು ನನ್ನಿಂದ ಒಂದು ಮಾತು ತೆಗೆದುಕೊಂಡರು: "ವರ್ಡೆಲ್‌ಗೆ ಹೇಳಬೇಡ." ಆಕೆ ಓದಲಾರದ ಭಾಷೆಯಲ್ಲಿ ಬರೆಯುತ್ತಿದ್ದೇನೆಂಬುದೊಂದೇ ನನ್ನ ಸಮಜಾಯಿಷಿ. ಅದು ಪೊಳ್ಳೆಂದು ನನಗೆ ಗೊತ್ತಿದೆ; ಹೋರೇಸ್ ನನ್ನ ಜಾಗದಲ್ಲಿದ್ದರೆ ಬರೆಯುತ್ತಿರಲಿಲ್ಲ.

ಆ ಚಳಿಗಾಲವೆಲ್ಲ ಅವರು ರಸ್ತೆ ದಾಟಿ, ಬೀಗ ಹಾಕಿದ ಹಸಿರು ಮನೆಯ ಮೆಟ್ಟಿಲ ಮೇಲಿನ ಹಿಮವನ್ನು ಸಲಿಕೆಯಿಂದ ತೆಗೆದರು. ಯಾಕೆಂದು ಕೇಳಿದ್ದಕ್ಕೆ, "ಮನೆ ನೋಡೋಕೆ ಜನ ಬರ್ತಾರೆ, ಜಾರಿ ಬಿದ್ರೆ ರೋಂಡಾಗೆ ತಲೆನೋವು" ಎಂದರು. ಅವರು ದಡ್ಡರೆಂಬ ಮಾತು ಎಷ್ಟೋ ಸಲ ನನ್ನ ಬಾಯಿಗೆ ಬಂದಿದೆ. ಅವರ ಮೇಲೆ ಸಿಟ್ಟೂ ಇದೆ. ತಂದೆ ನಾಲ್ಕು ಸಲ ಅಲೆದು ದಕ್ಕಿಸಿಕೊಂಡದ್ದನ್ನು ಮಗ ಒಂದು ಕೈಕುಲುಕಿಗೆ ಬಿಟ್ಟುಕೊಟ್ಟನೆಂಬ ವರ್ಡೆಲ್ ಅವರ ಸಂಕಟ ನನ್ನದೂ ಹೌದು. ಆದರೂ ಕಂಡದ್ದನ್ನು ಹೇಳಬೇಕು. ಈ ದೇಶದಲ್ಲಿ ಹೋರೇಸರಂಥವರು ಬಹಳ ಜನ ಬಾಳಿದ್ದಾರೆ. ಒಪ್ಪಂದದಲ್ಲಿ ತಮ್ಮ ಪಾಲನ್ನು ಮೊದಲು ಸಲ್ಲಿಸಿ, ಎದುರಿನವರೂ ಸಲ್ಲಿಸಿಯಾರೆಂದು ವರಾಂಡದಲ್ಲಿ ಕಾದು ಕೂತವರು. ಅವರನ್ನು ವಂಚಿಸುವುದು ಬಹಳ ಸುಲಭ, ಎಷ್ಟೋ ಜನ ವಂಚಿಸಿದ್ದಾರೆ. ತಾವು ವಂಚನೆಗೊಳಗಾದೆವೆಂದು ಅವರ ಬಾಯಿಂದ ಹೇಳಿಸುವುದು ಮಾತ್ರ ಯಾರಿಂದಲೂ ಆಗುವುದಿಲ್ಲ. ಹಾಗೆ ಹೇಳಿದ ದಿನ ಗೆಳೆಯನನ್ನು ಇನ್ನೊಂದು ಸಲ ಹೂಳಬೇಕಾಗುತ್ತದೆ, ಆ ಎರಡನೆಯ ಸಲ ಹೊರಲು ಅವರೊಬ್ಬರೇ ಇರುತ್ತಾರೆ.