ಕೊನೆಯನ್ನು ಮಾತ್ರ ಹೇಳಬಾರದು

ನಮ್ಮ ಮುಂಬೈ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಭಜನೆ ಮಾಡುವವರಿದ್ದಾರೆ, ಬಟಾಣಿ ಸುಲಿಯುವವರಿದ್ದಾರೆ. ನಾವು ಮೂವರು ಪುಸ್ತಕದವರು. ಸಿಎಸ್‌ಎಂಟಿಯಿಂದ ಚೆಂಬೂರಿನವರೆಗೆ ಫ್ಯಾಂಟಸಿ ಕಾದಂಬರಿಗಳದ್ದೇ ಮಾತು. ಯಾವುದು ಯಾಕೆ ಇಷ್ಟ ಅಂತ ಎಷ್ಟು ಬೇಕಾದರೂ ಹೇಳಬಹುದು, ಜಗಳವನ್ನೂ ಆಡಬಹುದು. ಕೊನೆಯನ್ನು ಮಾತ್ರ ಹೇಳಬಾರದು, ಯಾಕೆಂದರೆ ಓದಿದ ಪುಸ್ತಕ ಇನ್ನೊಬ್ಬರ ಚೀಲಕ್ಕೆ ಹೋಗುತ್ತದೆ. ಈ ನಿಯಮ ಮಾಡಿದವಳು ನಾನೇ, ಉಡುಪಿಯ ಚಂಪಾ. ನನ್ನ ಬಾಯಿಗೆ ಇಡೀ ಡಬ್ಬಿ ಹೆದರುತ್ತದೆ.

ಆ ಜುಲೈ ಸಂಜೆ ಸುರಿವ ಮಳೆಯಲ್ಲಿ ಚೂನಾಭಟ್ಟಿ ಸ್ಟೇಷನ್ ದಾಟಿ ಗಾಡಿ ನಿಂತಿತು. ಫ್ಯಾನ್ ನಿಂತಿತು, ದೀಪ ಹೋಯಿತು. ಬಾಗಿಲಿನಿಂದ ಬಗ್ಗಿ ನೋಡಿದರೆ ಹಳಿಗಳೇ ಇಲ್ಲ, ಬರೀ ಕಪ್ಪು ನೀರು. ಕಡಲ ಬದಿಯಲ್ಲಿ ಹುಟ್ಟಿಯೂ ನನಗೆ ಈಜು ಬಾರದು. ಇದನ್ನೇ ಹಿಡಿದು ನಿಶಾ, ಸಾಧನಾ ಇಬ್ಬರೂ ನನ್ನನ್ನು ಗೇಲಿ ಮಾಡುತ್ತಿರುತ್ತಾರೆ.

ನಿಶಾ ಫೋನ್ ಹಿಡಿದು ಎದ್ದು ನಿಂತಿದ್ದಳು. ನಮ್ಮಲ್ಲಿ ಚಿಕ್ಕವಳು, ಮುಂಬೈಯಲ್ಲೇ ಹುಟ್ಟಿ ಬೆಳೆದವಳು. ಗಂಡನಿಗೆ ಹಡಗಿನ ಕೆಲಸ. ಎರಡು ಸ್ಟೇಷನ್ ಮುಂದಿನ ತಿಲಕ್ ನಗರದ ಚಾಳಿನಲ್ಲಿ ಅವಳದು ನೆಲಮಹಡಿಯ ಒಂದು ಕೋಣೆಯ ಖೋಲಿ. ಆರು ವರ್ಷದ ಮಗಳು ಧಾತ್ರಿ ಶಾಲೆಯಿಂದ ಬಂದು, ತಾಯಿ ಬರುವವರೆಗೆ ಅಲ್ಲಿ ಒಬ್ಬಳೇ ಇರುತ್ತಾಳೆ.

“ಚಂಪಕ್ಕಾ, ಮೇಲಿನ ಖೋಲಿ ಮೋನಪ್ಪಣ್ಣಂಗೆ ಫೋನೇ ಹೋಗ್ತಿಲ್ಲ. ನಮ್ಮ ಗಲ್ಲೀಲಿ ಪಾನಿ ತುಂಬುತ್ತೆ, ಪತಾ ಹೈ ನಾ? ನಾನು ಇಳೀತೀನಿ. ಚಲ್‌ಕೇ ಜಾವೂಂಗಿ, ನಡ್ಕೊಂಡೇ ಹೋಗ್ತೀನಿ.”

“ಎಂತದು ಇಳಿಯುದು? ತಲೆ ಸಮ ಉಂಟಾ ನಿಂಗೆ?” ಎಂದು ಗದರಿದೆ. “ಬದಿಯಲ್ಲೇ ನಾಲಾ ಉಂಟು. ಎಲ್ಲಿ ನೆಲ, ಎಲ್ಲಿ ಗುಂಡಿ ಅಂತ ಯಾರಿಗೆ ಗೊತ್ತು ಮಾರಾಯ್ತಿ!”

ಅವಳು ಕೇಳಬೇಕಲ್ಲ! ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಬಾಗಿಲಿಗೆ ನಡೆದಳು. ನಾನು ಹಿಂದೆಯೇ ಓಡಿ ಅವಳ ಮಣಿಕಟ್ಟು ಹಿಡಿದೆ. ಅಷ್ಟರಲ್ಲಿ ಪಕ್ಕದ ಡಬ್ಬಿಯಿಂದ ಇಳಿದಿದ್ದ ಒಬ್ಬಾತ ನಾಲ್ಕಾರು ಹೆಜ್ಜೆ ನಡೆದವನೇ ಕುತ್ತಿಗೆಯವರೆಗೆ ಕುಸಿದ. ಜನ ಕಿರುಚುತ್ತಾ ಬ್ಯಾಗಿನ ಪಟ್ಟಿ ಹಿಡಿದು ಅವನನ್ನು ಎಳೆದುಕೊಂಡರು. ಅದನ್ನು ನೋಡಿಯೂ ನಿಶಾ ಬಾಗಿಲು ಬಿಟ್ಟು ಸರಿಯಲಿಲ್ಲ.

ಹೇಗಾದರೂ ಇವಳನ್ನು ಮಾತಿನಲ್ಲಿ ಹಿಡಿದಿಡಬೇಕಿತ್ತು. “ಸಾಧನಾ, ನಿನ್ನ ಇಷ್ಟದ ಪುಸ್ತಕ ಹೇಳು,” ಎಂದೆ.

ಸಾಧನಾ ಬೆಂಗಳೂರಿನವಳು, ಬ್ಯಾಂಕ್ ಆಫೀಸರು. ತಕ್ಷಣ ಅರ್ಥ ಮಾಡಿಕೊಂಡಳು. “ನಂಗೆ ಆ ಜನ ನೆರಳು ಕಳಚಿಡೋ ಊರಿನ ಕಾದಂಬರಿನೇ ಇಷ್ಟ ಕಣ್ರೇ. ಅದ್ರಲ್ಲಿ ಮಾಟಗಾತಿಗೂ ಸೊಂಟನೋವು ಬರುತ್ತೆ. ಪಾಪ, ನಮ್ಮಂಥೋಳೇ ಅನ್ಸುತ್ತೆ,” ಎಂದಳು. ಯಾರೂ ನಗಲಿಲ್ಲ. ಕೆಳಗೆ ನೀರು ಚಕ್ರ ಮುಳುಗಿಸಿ ಏರುತ್ತಿತ್ತು.

“ನಿಮ್ದು ಹೇಳಿ ಚಂಪಕ್ಕಾ,” ನಿಶಾ ನೀರನ್ನೇ ನೋಡುತ್ತಾ ಅಂದಳು. “ಮಂಜಿನ ನಾಡಿಗೆ ಮಗಳನ್ನ ಹುಡುಕಿ ಹೋಗ್ತಾಳಲ್ಲ, ಆ ತಾಯಿದು. ಅದು ಯಾಕೆ ಫೇವರಿಟ್?”

ಅಯ್ಯೋ ದೇವರೇ, ಅದನ್ನೇ ಕೇಳಬೇಕಾ! “ಆ ತಾಯಿ ಮಹಾ ಹಟಮಾರಿ, ಅದಕ್ಕೆ. ಮಂಜು ಮುಚ್ಚಿದಾಗ ದಿಕ್ಕೆಟ್ಟು ಓಡುದಿಲ್ಲ. ನಿಂತಲ್ಲೇ ನಿಂತು ಮಗಳ ಹೆಸರು ಕರೀತಾಳೆ.”

“ಮಗಳು ಸಿಗ್ತಾಳಾ?”

ಸಿಗುವುದಿಲ್ಲ. ಕೊನೆಯ ಪುಟದಲ್ಲಿ ಮಂಜು ಕರಗಿದಾಗ ಹೊಳೆಯ ದಡದಲ್ಲಿ ಮಗಳ ಚಪ್ಪಲಿಗಳು ಮಾತ್ರ ಇರುತ್ತವೆ. ಅದನ್ನು ಓದಿದ ದಿನ ನನಗೆ ಅನ್ನ ಸೇರಿರಲಿಲ್ಲ. ಪುಸ್ತಕ ಈಗ ನಿಶಾಳ ಹತ್ತಿರವೇ ಇತ್ತು. ಓದಲು ಇನ್ನೂ ಶುರುಮಾಡಿಲ್ಲ ಅಂತ ಹಿಂದಿನ ದಿನವಷ್ಟೇ ಹೇಳಿದ್ದಳು.

“ಸಿಗ್ತಾಳೆ,” ಎಂದೆ. “ಒಬ್ಬ ಮುದುಕ ಅವಳನ್ನು ಹೆಗಲ ಮೇಲೆ ಕೂರಿಸಿ ಗುಡ್ಡ ಹತ್ತಿರ್ತಾನೆ. ಬಿಸಿ ಗಂಜಿ ಕೊಟ್ಟಿರ್ತಾನೆ.”

“ಆಮೇಲೆ?”

ಆಮೇಲೇನು, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಗುಡ್ಡದ ಮೇಲೆ ಮನೆ ಕಟ್ಟಿದೆ, ಒಲೆ ಉರಿಸಿದೆ, ತಾಯಿಯನ್ನು ಹತ್ತಿಸಿದೆ. ನಿಲ್ಲಿಸಿದರೆ ಇವಳು ಹಾರುತ್ತಾಳೆ ಎಂಬ ಭಯ.

ಫೋನ್ ರಿಂಗಾಯಿತು. ಮೋನಪ್ಪಣ್ಣನ ದೊಡ್ಡ ದನಿ ನನಗೂ ಕೇಳಿಸಿತು. “ಮಗು ಮೇಲೆ ನಮ್ಮಲ್ಲಿ ಉಂಟು, ಹೆದರ್ಬೇಡ. ನಿಮ್ಮ ಖೋಲಿಗೆ ನೀರು ನುಗ್ಗಿದೆ, ಅಷ್ಟೇ.”

ನಿಶಾ ಅಲ್ಲೇ ಕುಸಿದು ಕೂತು ಗಳಗಳನೆ ಅತ್ತಳು. ನಾನೂ ಅತ್ತೆ. ಆಮೇಲೆ ಅವಳು ಮೂಗು ಒರೆಸಿಕೊಂಡು ಅಂದಳು, “ಚಂಪಕ್ಕಾ, ನಂಗೆ ಆ ಎಂಡಿಂಗ್ ಗೊತ್ತಿತ್ತು. ಯಾವ ಬುಕ್ ಆದ್ರೂ ನಾನು ಲಾಸ್ಟ್ ಪೇಜೇ ಫಸ್ಟ್ ಓದ್ತೀನಿ.”

“ಹಾಗಾದ್ರೆ ನಾನು ಹೇಳಿದ್ದು ಸುಳ್ಳು ಅಂತ ಗೊತ್ತಿತ್ತಲ್ಲ! ಮತ್ತೆ ಎಂತಕ್ಕೆ ನಿಂತದ್ದು ನೀನು?”

ಅವಳು ಕೈ ಎತ್ತಿ ತೋರಿಸಿದಳು. ನನ್ನ ಬೆರಳುಗಳು ಇನ್ನೂ ಅವಳ ಮಣಿಕಟ್ಟನ್ನು ಬಿಟ್ಟಿರಲಿಲ್ಲ. “ನಾನು ಇಳಿದಿದ್ರೆ ನೀವೂ ನನ್ನ ಹಿಂದೇನೇ ಇಳೀತಿದ್ರಿ. ನಿಮಗೆ ಈಜು ಬರಲ್ಲ ಅಲ್ವಾ.”

“ನಾನಾ? ನನಗೇನು ಹುಚ್ಚಾ?” ಎಂದು ಗದರಿ ಕೆಳಗೆ ನೋಡಿದೆ. ನಾನು ಬರಿಗಾಲಲ್ಲಿ ನಿಂತಿದ್ದೆ. ನನ್ನ ಚಪ್ಪಲಿಗಳು ಬಾಗಿಲ ಅಂಚಿನಲ್ಲಿದ್ದವು. ಯಾವಾಗ ಬಿಚ್ಚಿಟ್ಟಿದ್ದೆನೋ ನನಗೇ ತಿಳಿಯದು.