ಅಂಬಕ್ಕ ಹೊರಗೆ ಕೂತ ದಿನಗಳು

"ನನ್ನ ಮುಟ್ಟಬ್ಯಾಡ ಅಪ್ಪಾ," ಎಂದಳು ಯಮುನಾ. ಗಂಜಿಯ ಬಟ್ಟಲನ್ನು ಹಾಸಿಗೆಯಿಂದ ದೂರದಲ್ಲೇ ಇಟ್ಟು ಬಾಗಿಲಿಗೆ ಒರಗಿ ನಿಂತಿದ್ದಳು. "ನಾ ದೊಡ್ಡಾಕಿ ಆಗಿ ಐದು ತಿಂಗಳಾತು. ಮೈಲಿಗಿ ಕೈಲೆ ನೈವೇದ್ಯ ಮಾಡೀನಿ. ಅದಕ್ಕ ನಿನಗ ಜ್ವರ ಬಂದದ."

ಸಾವಿರದ ಒಂಬೈನೂರ ಹದಿನೆಂಟನೆಯ ಇಸವಿಯ ಆಶ್ವೀಜ. ಪುಣೆಯ ತುಂಬ ಇನ್‌ಫ್ಲುಯೆಂಝಾ. ಶನಿವಾರ ಪೇಟೆಯಲ್ಲಿ ಅವರು ಬಾಡಿಗೆಗಿದ್ದ, ಹತ್ತಾರು ಸಂಸಾರಗಳ ಆ ಒಂದು ವಾಡೆಯಿಂದಲೇ ಮೂರು ಹೆಣ ಹೋಗಿದ್ದವು. ಧಾರವಾಡದ ಕಡೆಯಿಂದ ಬಂದು ಕಾರಕೂನಿಕೆ ಮಾಡುತ್ತಿದ್ದ ರಘುರಾಮರಾಯರು ಎಂಟು ದಿನದಿಂದ ಜ್ವರದಲ್ಲಿ ಬೇಯುತ್ತಿದ್ದರು.

ಹಿತ್ತಲ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದ ಅಂಬಕ್ಕನಿಗೆ ಮಗಳ ಮಾತು ಕೇಳಿಸಿತು. ಓಡಿಬಂದು ಬಾಯಿ ಮುಚ್ಚಿಸುವಂತಿರಲಿಲ್ಲ, ಅವಳು ಹೊರಗಾದವಳು.

ನಿಜಕ್ಕೂ ಅಲ್ಲಿ ಕೂಡಬೇಕಾದವಳು ಯಮುನಾ. ಚಿಕ್ಕಂದಿನಲ್ಲೇ ಮದುವೆಯಾದ ಅವಳು ಮೈನೆರೆದ ಸುದ್ದಿ ತಿಳಿದರೆ ಗದಗಿನ ಬೀಗರು ಸೊಸೆಯನ್ನು ಕರೆಯಲು ಬಂದುಬಿಡುತ್ತಾರೆ. ಹಿರಿಯ ಮಗಳು ತುಂಗಾಳನ್ನು ಹಾಗೆಯೇ ಹದಿಮೂರಕ್ಕೆ ಕಳಿಸಿ, ಹದಿನಾಲ್ಕಕ್ಕೆ ಹೆರಿಗೆಯಲ್ಲಿ ಕಳೆದುಕೊಂಡಿದ್ದರು. ಅದಕ್ಕೇ ಅಂಬಕ್ಕ, ಒಗೆದು ಹರವಿದ ಬಟ್ಟೆ ಕಂಡು ಯಾರಿಗೂ ಸಂಶಯ ಬರದಿರಲೆಂದು, ಮಗಳ ಮೂರು ದಿನಗಳನ್ನೂ ತನ್ನವೆಂದು ಹೇಳಿ, ತಿಂಗಳಿಗೆ ಎರಡು ಸಲ ಮೂಲೆ ಹಿಡಿಯುತ್ತಿದ್ದಳು. ವಾಡೆಯ ಹೆಂಗಸರು ಚೇಷ್ಟೆ ಮಾಡಿದರೆ, ವಯಸ್ಸಾಯಿತಲ್ಲ, ಮೈ ಹಿಡಿತ ತಪ್ಪಿದೆ ಎನ್ನುತ್ತಿದ್ದಳು. ಒಳಗೆ ಹನ್ನೆರಡರ ಹುಡುಗಿ ದೇವರಿಗೂ ಅಪ್ಪನಿಗೂ ಅಡಿಗೆ ಮಾಡುತ್ತಿದ್ದಳು. ಪಾಪವೆಲ್ಲ ತನಗಿರಲಿ ಎಂದು ಅಂಬಕ್ಕ ಕೂತಲ್ಲೇ ಕೈಮುಗಿಯುತ್ತಿದ್ದಳು. ಆ ಪಾಪ ಅಪ್ಪನ ಮೈಗೆ ಬಂತೆಂದು ಮಗಳು ತಿಳಿದುಕೊಂಡಾಳು ಎಂಬುದೊಂದೇ ಅವಳಿಗೆ ಹೊಳೆದಿರಲಿಲ್ಲ.

ರಾಯರು ಬೈಯಲಿಲ್ಲ. ನಾಲ್ಕು ದಿನಕ್ಕೆ ಜ್ವರ ಇಳಿಯಿತು. ಯಮುನಾ ಖುಷಿಯಿಂದ ತುಳಸಿಗೆ ಹನ್ನೊಂದು ಸುತ್ತು ಬಂದಳು. ರಾಯರು ಪಂಚಗವ್ಯ ತೆಗೆದುಕೊಂಡು ಶುದ್ಧರಾಗಿ, ಗೋಡೆಗೊರಗಿ ಕೂತು ಬೀಗರಿಗೆ ಕಾರ್ಡು ಬರೆದರು.

"ಎರಡು ವರ್ಷ ತಡೀರಿ," ಎಂದಳು ಅಂಬಕ್ಕ. "ತುಂಗಾನ್ನ ನೆನಸ್ಕೋರಿ."

"ದಿನಾ ನೆನಸ್ತೀನಿ," ಎಂದರು ರಾಯರು. "ದೇವರಿಗೆ ಏನಂತ ಹೇಳ್ಲಿ?"

ತುಂಗಾ ಸತ್ತಾಗ ಆ ದೇವರು ಯಾರಿಗೆ ಏನು ಹೇಳಿದ್ದ ಎಂದು ಕೇಳಬೇಕೆನ್ನಿಸಿತು ಅವಳಿಗೆ. ಕಾರ್ಡು ಟಪಾಲಿಗೆ ಬಿತ್ತು.

ಕಾರ್ತೀಕದಲ್ಲಿ ಬೀಗರು ಬಂದರು. ಹಸಿರು ಸೀರೆಯುಟ್ಟ ಯಮುನಾ ಟಾಂಗಾ ಹತ್ತುವ ಮೊದಲು ತಾಯಿಯ ಕಿವಿಯ ಹತ್ತಿರ ಬಂದಳು.

"ಅಪ್ಪಗ ಇನ್ನ ಏನೂ ಆಗೂದಿಲ್ಲ, ಹೌದಲ್ಲೊ ಅವ್ವಾ?"

ಏನೂ ಆಗುವುದಿಲ್ಲವೆಂದು ಅಂಬಕ್ಕ ತಲೆ ಅಲ್ಲಾಡಿಸಿದಳು.

ಮುಂದಿನ ತಿಂಗಳು ಯಮುನಾಳ ದಿನ ಬರಬೇಕಿದ್ದ ಬೆಳಿಗ್ಗೆ, ಅಂಬಕ್ಕ ಚಾಪೆ ಹಾಸಿಕೊಂಡು ಹಿತ್ತಲ ಮೂಲೆಯಲ್ಲಿ ಕೂತಳು. ಸ್ನಾನ ಮಾಡಿ ಬಂದ ರಾಯರು ನೋಡಿದರು. ಅದು ಅವಳ ದಿನವಲ್ಲವೆಂದು ಅವರಿಗೆ ಈಗ ಗೊತ್ತಿತ್ತು. ಆದರೂ ಅಡಿಗೆಮನೆಗೆ ಹೋಗಿ, ಅಭ್ಯಾಸವಿಲ್ಲದ ಕೈಯಿಂದ ಒಲೆ ಹೊತ್ತಿಸತೊಡಗಿದರು.